ನೀಲಗಿರಿ ಎಣ್ಣೆ: ವಾಸನೆ ಹಿತ ಅಂತ ಅಳತೆ ಮರೀಬೇಡಿ

ಹೋದ ಸಂಚಿಕೆಯಲ್ಲಿ ಮೂಗು ಕಟ್ಟೋದರ ಬಗ್ಗೆ ಒಬ್ಬರು ಕೇಳಿದ್ದಕ್ಕೆ ಉತ್ತರ ಬರೀತಾ "ನೀಲಗಿರಿ ಎಣ್ಣೆನ ಚಿಕ್ಕ ಮಕ್ಕಳ ಹತ್ತಿರ ತರಬೇಡಿ" ಅಂತ ಒಂದೇ ಒಂದು ಸಾಲು ಸೇರಿಸಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರಲಿಲ್ಲ. ಕೆಲವರಿಗೆ ಗಾಬರಿ, ಕೆಲವರಿಗೆ ಸಿಟ್ಟು, "ನಾವೆಲ್ಲ ಇದೇ ಎಣ್ಣೆ ಹಚ್ಕೊಂಡು ಬೆಳೆದವರು, ನಮಗೇನಾಗಿದೆ ಹೇಳಿ" ಅಂತ. ಆ ಮಾತು ನನಗೂ ಅರ್ಥ ಆಗುತ್ತೆ, ಈ ಎಣ್ಣೆ ವಾಸನೆ ಬಂದ್ರೆ ನನಗೂ ಚಿಕ್ಕಂದಿನಲ್ಲಿ ಜ್ವರ ಬಂದಾಗ ಅಮ್ಮ ಪಕ್ಕದಲ್ಲಿ ಕೂತಿದ್ದೇ ನೆನಪಾಗೋದು. ಆದ್ರೆ ಆಸ್ಪತ್ರೆಯಲ್ಲಿ ಇಷ್ಟು ವರ್ಷ ಕೂತ ಮೇಲೆ ಅದೇ ವಾಸನೆ ಮಗುವಿನ ಉಸಿರಲ್ಲಿ ಬಂದ್ರೆ ನನ್ನ ಎದೆ ಹೊಡ್ಕೊಳ್ಳುತ್ತೆ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ ಎಂಟು ತಿಂಗಳು. ನೆಗಡಿ ಆಗಿ ಮೂಗು ಕಟ್ಟಿದೆ, ರಾತ್ರಿ ಹಾಲು ಕುಡಿಯೋಕೂ ಆಗದೆ ಅಳ್ತಾನೆ. ಮೂಗಿನ ಹತ್ರ ಒಂದೇ ಒಂದು ಹನಿ ನೀಲಗಿರಿ ಎಣ್ಣೆ ಹಚ್ಚು, ಎದೆಗೂ ಸ್ವಲ್ಪ ತಿಕ್ಕು ಅಂತಾರೆ ನಮ್ಮತ್ತೆ. ನನಗೆ ಭಯ. ಒಂದು ಹನಿಗೆ ಏನಾಗುತ್ತೆ?

ಉತ್ತರ: ನಿಮ್ಮ ಭಯ ಸರಿಯಾಗೇ ಇದೆ ತಾಯಿ, ಹಚ್ಚಬೇಡಿ. ಮೂಗಿಗೂ ಬೇಡ, ಎದೆಗೂ ಬೇಡ, ಮಗು ಮಲಗೋ ಬಟ್ಟೆಗೂ ಬೇಡ. ಅತ್ತೆ ಜೊತೆ ಜಗಳ ಮಾಡ್ಕೋಬೇಡಿ, ಅವರು ಮೊಮ್ಮಗನ ಮೇಲಿನ ಅಕ್ಕರೆಗೇ ಹೇಳ್ತಿರೋದು, ಈ ಪುಟ ಅವರ ಕೈಗೇ ಕೊಟ್ಟುಬಿಡಿ.

ಒಂದು ಹನಿಗೆ ಏನಾಗುತ್ತೆ ಅಂದ್ರಲ್ಲ, ಮೊದಲು ಆ ಹನಿಯಲ್ಲಿ ಏನಿದೆ ನೋಡೋಣ. ನೂರು ಕೆಜಿ ಹಸಿ ಎಲೆನ ಹಬೆಯಲ್ಲಿ ಬೇಯಿಸಿ ಭಟ್ಟಿ ಇಳಿಸಿದ್ರೆ ಬರೋದು ಹೆಚ್ಚುಕಮ್ಮಿ ಒಂದೆರಡು ಕೆಜಿ ಎಣ್ಣೆ ಅಷ್ಟೇ, ಅಂದ್ರೆ ಒಂದು ಹನಿ ಅನ್ನೋದು ಹತ್ತಾರು ಹನಿ ತೂಕದ ಎಲೆಯ ಸಾರ ಪೂರ್ತಿ ಹಿಂಡಿಟ್ಟ ಹಾಗೆ. ಔಷಧಿ ದರ್ಜೆಯ ನೀಲಗಿರಿ ಎಣ್ಣೆಯಲ್ಲಿ ಶೇಕಡಾ 70ಕ್ಕೂ ಹೆಚ್ಚು ಸಿನಿಯೋಲ್ ಅನ್ನೋ ಒಂದೇ ವಸ್ತು ಇರುತ್ತೆ, ಯೂಕಲಿಪ್ಟಾಲ್ ಅಂತಾನೂ ಅದನ್ನ ಕರೀತಾರೆ, ಆ ಘಾಟು, ಆ ತಂಪು ಎಲ್ಲ ಅದರದ್ದೇ. ದೊಡ್ಡವರ ಮೂಗಿಗೆ ಹಿತ ಅನ್ನಿಸೋ ಆ ಘಾಟು ಪುಟ್ಟ ಮಗುವಿನ ಮೂಗಿಗೆ ಹೊಡೆದ್ರೆ ಗಂಟಲಲ್ಲಿ ಧ್ವನಿಪೆಟ್ಟಿಗೆ ಇರುತ್ತಲ್ಲ, ಅದು ತನ್ನಷ್ಟಕ್ಕೆ ಬಿಗಿಯಾಗಿ ಮುಚ್ಕೊಂಡುಬಿಡಬಹುದು. ಮಗು ಬಾಯಿ ತೆರೆದಿರುತ್ತೆ, ಅಳೋಕೆ ನೋಡುತ್ತೆ, ಆದ್ರೆ ಗಾಳಿ ಒಳಗೆ ಹೋಗಲ್ಲ. ಎಲ್ಲಾ ಮಗುಗೂ ಹೀಗಾಗುತ್ತೆ ಅಂತಲ್ಲ, ಆದ್ರೆ ಯಾವ ಮಗುಗೆ ಆಗುತ್ತೆ ಅಂತ ಮುಂಚೆ ತಿಳ್ಕೊಳ್ಳೋಕೆ ದಾರಿ ಇಲ್ಲ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 30 ತಿಂಗಳೊಳಗಿನ ಮಕ್ಕಳಿಗೆ ಇದನ್ನ ಕೊಡಲೇಬಾರದು ಅನ್ನೋದು ಇದೇ ಕಾರಣಕ್ಕೆ.

ನನ್ನ ಡ್ಯೂಟಿಯ ಶುರುವಿನ ವರ್ಷಗಳಲ್ಲಿ ಒಂದು ರಾತ್ರಿ ಸುಮಾರು ಎರಡು ಗಂಟೆಗೆ ಒಬ್ಬ ತಾಯಿ ಹತ್ತು ತಿಂಗಳ ಕೂಸನ್ನ ಎತ್ಕೊಂಡು ಓಡಿ ಬಂದ್ಲು, ತುಟಿ ನೀಲಿ, ಕಣ್ಣು ಮೇಲೆ, ಉಸಿರು ಎಳೀತಿರೋ ಸದ್ದು ಬಾಗಿಲಾಚೆಗೇ ಕೇಳಿಸ್ತಿತ್ತು. ನಾವು ಆಕ್ಸಿಜನ್ ಹಿಡಿದು ಏನಾಯ್ತು ಏನಾಯ್ತು ಅಂತ ಕೇಳ್ತಿದ್ರೆ ಆಕೆಗೆ ಮಾತೇ ಹೊರಡ್ತಿಲ್ಲ, ಕೊನೆಗೆ ಸೆರಗಿನ ತುದಿ ನನ್ನ ಮುಖದ ಹತ್ರ ಹಿಡಿದ್ಲು, ಆಗ ಬಂತು ವಾಸನೆ. ಸೆರಗಿಗೆ ಎಣ್ಣೆ ಹಾಕಿ ಮಗುವಿನ ಮೂಗಿಗೆ ಒತ್ತಿದ್ಲಂತೆ, ಅಷ್ಟೇ. ಮಗು ಉಳೀತು, ಮೂರನೇ ದಿನ ನಗ್ತಾ ಮನೆಗೆ ಹೋಯ್ತು. ಆದ್ರೆ ಆ ತಾಯಿ "ನಾನೇ ಮಾಡ್ದೆ, ನಾನೇ ಮಾಡ್ದೆ" ಅಂತ ಗೋಡೆಗೆ ತಲೆ ಆನಿಸ್ಕೊಂಡು ಅತ್ತಿದ್ದು ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ, ಅವಳ ತಪ್ಪಲ್ಲ ಅದು, ಯಾರೂ ಅವಳಿಗೆ ಹೇಳಿರಲಿಲ್ಲ.

ಈಗ ನಿಮ್ಮ ಮಗನಿಗೆ ಏನು ಮಾಡೋದು. ಮೆಡಿಕಲ್ ಸ್ಟೋರಲ್ಲಿ ಸಲೈನ್ ಮೂಗಿನ ಹನಿ ಸಿಗುತ್ತೆ, ಬರೀ ಉಪ್ಪುನೀರು ಅದು, ಔಷಧಿ ಏನೂ ಇರಲ್ಲ. ಹಾಲು ಕುಡಿಸೋಕೆ ಸ್ವಲ್ಪ ಮುಂಚೆ ಒಂದೊಂದು ಹೊಳ್ಳೆಗೂ ಎರಡೆರಡು ಹನಿ ಹಾಕಿ, ಒಂದೆರಡು ನಿಮಿಷ ಬಿಟ್ಟು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಹಾಲನ್ನ ಒಂದೇ ಸಲ ಪೂರ್ತಿ ಕುಡಿಸೋ ಬದಲು ಸ್ವಲ್ಪ ಸ್ವಲ್ಪ, ಹೆಚ್ಚು ಸಲ. ಮಗು ಮಲಗಿದಾಗ ಅಂಗಿ ಎತ್ತಿ ಉಸಿರು ಎಣಿಸಿ, ಒಂದು ನಿಮಿಷ ಪೂರ್ತಿ. ಈ ವಯಸ್ಸಿಗೆ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ, ಉಸಿರು ತಗೊಂಡಾಗ ಪಕ್ಕೆ ಕೆಳಗೆ ಗುಳಿ ಬೀಳ್ತಿದ್ರೆ, ಹಾಲು ಪೂರ್ತಿ ಬಿಟ್ಟಿದ್ರೆ ಬೆಳಗಾಗಲಿ ಅಂತ ಕಾಯ್ಬೇಡಿ, ಆಗಲೇ ಹೊರಡಿ.

ಇನ್ನೊಂದು, ನೀಲಗಿರಿ ಬೇಡ ಅಂದ ಮಾತ್ರಕ್ಕೆ ಕರ್ಪೂರ, ಮೆಂಥಾಲ್ ಇರೋ ಬಾಮ್ ಹಚ್ಚಬಹುದು ಅಂತಲ್ಲ. ಆ ಡಬ್ಬಿಗಳ ಮೇಲೆ ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ ಅಂತ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, ಕನ್ನಡಕ ಹಾಕ್ಕೊಂಡಾದ್ರೂ ಓದಿ.

ಪ್ರಶ್ನೆ: ನನಗೆ 58 ವರ್ಷ. ಕೆಮ್ಮು, ಕಫ ಆದಾಗ ಬಿಸಿನೀರಿಗೆ ನಾಲ್ಕೈದು ಹನಿ ನೀಲಗಿರಿ ಎಣ್ಣೆ ಹಾಕಿ ಕುಡಿಯೋ ಅಭ್ಯಾಸ ಇದೆ, ಇವತ್ತಿನವರೆಗೂ ಏನೂ ಆಗಿಲ್ಲ. ಗಿಡದಿಂದ ಬಂದಿದ್ದು ತಾನೇ, ಕೆಮಿಕಲ್ ಅಲ್ಲವಲ್ಲ?

ಉತ್ತರ: ಸರ್, ಏನೂ ಆಗಿಲ್ಲ ಅನ್ನೋದು ಸಂತೋಷ, ಆದ್ರೆ ದಯವಿಟ್ಟು ನಿಲ್ಲಿಸಿ. ಗಿಡದಿಂದ ಬಂದಿದ್ದಾದ್ರೂ ಅದು ಒಳ್ಳೆ ಖಾರವಾದ ಕೆಮಿಕಲ್ಲೇ. ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ, ಪ್ಯಾಕಿಂಗ್‌ಗೆ ಬರುತ್ತಲ್ಲ ಬಿಳಿ ಥರ್ಮಾಕೋಲು, ಅದರ ಒಂದು ತುಂಡಿನ ಮೇಲೆ ಈ ಎಣ್ಣೆ ನಾಲ್ಕು ಹನಿ ಬಿಡಿ. ಸ್ವಲ್ಪ ಹೊತ್ತಲ್ಲಿ ಅಲ್ಲೊಂದು ಗುಳಿ ಬಿದ್ದಿರುತ್ತೆ, ಅಂಚು ಕರಗಿ ಅಂಟಂಟಾಗಿರುತ್ತೆ. ನಾನು ಒಂದ್ಸಲ ಬಾಟಲಿ ಮುಚ್ಚಳ ಸರಿಯಾಗಿ ಹಾಕದೆ, ಅದು ಮೇಜಿನ ಮೇಲೆ ಅಡ್ಡ ಬಿದ್ದು ಪಾಲಿಶ್ ಎಲ್ಲ ಎದ್ದುಹೋಗಿ ಮರದ ಬಣ್ಣ ಕಾಣಿಸ್ತಿತ್ತು, ಡ್ರಾಪರಿನ ರಬ್ಬರು ಉಬ್ಬಿ ಮೆತ್ತಗಾಗಿತ್ತು. ಸ್ಟಿಕ್ಕರ್ ಅಂಟು ಬಿಡಿಸೋಕೆ ಈ ಎಣ್ಣೆ ಅಷ್ಟು ಚೆನ್ನಾಗಿ ಕೆಲಸ ಮಾಡೋದೂ ಅದಕ್ಕೇ. ಅಂಥದ್ದು ಗಂಟಲು, ಹೊಟ್ಟೆಯ ಒಳಪದರದ ಮೇಲೆ ಇಳೀಬೇಕಾ ಯೋಚನೆ ಮಾಡಿ. ಅದೂ ಅಲ್ದೆ ಎಣ್ಣೆ ನೀರಲ್ಲಿ ಬೆರೆಯಲ್ಲ, ಮೇಲೆ ತೇಲುತ್ತೆ, ನೀವು ಬಿಸಿನೀರಿಗೆ ಹಾಕಿ ತೆಳು ಮಾಡ್ದೆ ಅಂದ್ಕೊಂಡಿದ್ರೂ ಮೊದಲ ಗುಟುಕಿನಲ್ಲೇ ಅಪ್ಪಟ ಎಣ್ಣೆ ಬಾಯಿಗೆ ಬರುತ್ತೆ.

ಯಾರೋ ಓದಿಕೊಂಡವರು ನಿಮಗೆ "ಜರ್ಮನಿಯಲ್ಲಿ ಇದನ್ನ ಮಾತ್ರೆ ಥರ ಕೊಡ್ತಾರೆ" ಅಂತಲೂ ಹೇಳಬಹುದು, ಅದು ನಿಜ. ಸೈನಸ್ ತೊಂದರೆಗೆ ಅಲ್ಲಿ ಸಿನಿಯೋಲ್ ಕ್ಯಾಪ್ಸೂಲ್ ಇದೆ, ಪ್ರಯೋಗಗಳಲ್ಲಿ ಪ್ರಯೋಜನವೂ ಕಂಡಿದೆ. ಆದ್ರೆ ಅದು ಒಂದೊಂದರಲ್ಲೂ 200 ಮಿಲಿಗ್ರಾಂ ಅಂತ ಅಳೆದಿಟ್ಟದ್ದು, ಹೊಟ್ಟೆಯಲ್ಲಿ ಒಡೀದೆ ಕರುಳಿಗೆ ಹೋಗಿ ಕರಗೋ ಹಾಗೆ ಮೇಲೆ ಲೇಪ ಕೊಟ್ಟದ್ದು. ನಮ್ಮ ಬಾಟಲಿಯ ಒಂದು ಟೀ ಚಮಚ, ಅಂದ್ರೆ 5 ಎಂಎಲ್ ಲೆಕ್ಕ ಹಾಕಿ, ಅದರಲ್ಲಿ 3 ಗ್ರಾಂಗೂ ಮೀರಿ ಸಿನಿಯೋಲ್ ಇರುತ್ತೆ. ಹದಿನೈದಕ್ಕೂ ಹೆಚ್ಚು ಕ್ಯಾಪ್ಸೂಲ್ ಒಂದೇ ಸಲ ನುಂಗಿದ ಹಾಗೆ. ಕೈ ನಡುಗಿ ನಾಲ್ಕು ಹನಿ ನಲವತ್ತಾಗೋಕೆ ಎಷ್ಟು ಹೊತ್ತು ಬೇಕು, ಅದೂ ಕೆಮ್ತಾ ಕೆಮ್ತಾ ರಾತ್ರಿ ಹೊತ್ತು, ಆ ಸಣ್ಣ ಬಾಯಿಯ ಬಾಟಲಿಯಿಂದ.

ನಿಮಗೆ ಕಫ ಪದೇ ಪದೇ ಆಗ್ತಿದ್ರೆ, ಎರಡು ವಾರ ದಾಟಿದ್ರೆ, ಒಂದ್ಸಲ ಎದೆ ತೋರಿಸಿ, ಕಫ ಪರೀಕ್ಷೆ ಮಾಡಿಸಿ. 58ರಲ್ಲಿ ಬರೋ ಕೆಮ್ಮಿಗೆ ಕಾರಣ ಗೊತ್ತಿರಬೇಕು.

ಪ್ರಶ್ನೆ: ಮೇಡಂ, ಹೋದ ತಿಂಗಳು ನನ್ನ ಎರಡೂವರೆ ವರ್ಷದ ಮಗಳು ಆಟ ಆಡ್ತಾ ಬಾಟಲಿ ತೆಗೆದು ಸ್ವಲ್ಪ ಕುಡಿದುಬಿಟ್ಲು. ಪಕ್ಕದವರು ಬೆರಳು ಹಾಕಿ ವಾಂತಿ ಮಾಡಿಸಿ ಅಂದ್ರು, ಇನ್ನೊಬ್ಬರು ಹಾಲು ಕುಡಿಸಿ ಅಂದ್ರು. ನಾವು ಎರಡೂ ಮಾಡಿದ್ವಿ. ಅರ್ಧ ಗಂಟೆ ಚೆನ್ನಾಗೇ ಇದ್ಲು, ಆಮೇಲೆ ತೂಕಡಿಸೋಕೆ ಶುರು ಮಾಡಿದ್ಲು, ಆಸ್ಪತ್ರೆಗೆ ಹೋದ್ವಿ. ದೇವರ ದಯೆ, ಹುಷಾರಾದ್ಲು. ನಾವು ಮಾಡಿದ್ದು ಸರೀನಾ? ಬೇರೆಯವರಿಗೂ ಗೊತ್ತಾಗಲಿ ಅಂತ ಕೇಳ್ತಿದ್ದೀನಿ.

ಉತ್ತರ: ಮಗಳು ಹುಷಾರಾದ್ಲು ಅಂತ ಓದಿ ನಿಟ್ಟುಸಿರು ಬಿಟ್ಟೆ, ಪತ್ರ ಬರೆದಿದ್ದಕ್ಕೆ ಕೈ ಮುಗೀತೀನಿ. ನೀವು ಆಸ್ಪತ್ರೆಗೆ ಹೋಗಿದ್ದು ನೂರಕ್ಕೆ ನೂರು ಸರಿ. ವಾಂತಿ ಮಾಡಿಸಿದ್ದು, ಹಾಲು ಕುಡಿಸಿದ್ದು ತಪ್ಪು, ಬೇಜಾರು ಮಾಡ್ಕೋಬೇಡಿ, ಗಾಬರಿಯಲ್ಲಿ ಯಾರಾದ್ರೂ ಹಾಗೇ ಮಾಡೋದು.

ವಾಂತಿ ಯಾಕೆ ಬೇಡ ಅಂದ್ರೆ, ಈ ಎಣ್ಣೆ ತೆಳ್ಳಗೆ ಹರಿಯೋ ಥರದ್ದು, ವಾಂತಿ ಆಗುವಾಗ ಒಂದು ತೊಟ್ಟು ಶ್ವಾಸನಾಳಕ್ಕೆ ಜಾರಿದ್ರೂ ಶ್ವಾಸಕೋಶದ ತುಂಬಾ ಹರಡಿ ನ್ಯುಮೋನಿಯಾ ಮಾಡುತ್ತೆ, ಹೊಟ್ಟೆಗಿಂತ ಅಲ್ಲೇ ಅಪಾಯ ಜಾಸ್ತಿ. ಇನ್ನೂ ಒಂದಿದೆ, ಈ ಎಣ್ಣೆ ಕುಡಿದ ಮಗುಗೆ ಯಾವ ಕ್ಷಣದಲ್ಲಾದ್ರೂ ಫಿಟ್ಸ್ ಬರಬಹುದು, ಪ್ರಜ್ಞೆ ಮಂಕಾಗಬಹುದು, ಬಾಯಲ್ಲಿ ಬೆರಳಿಟ್ಟು ವಾಂತಿ ಮಾಡಿಸ್ತಿರುವಾಗಲೇ ಹಾಗಾದ್ರೆ ಬಂದದ್ದೆಲ್ಲ ಉಸಿರಿನ ದಾರಿಗೆ ಹೋಗುತ್ತೆ. ಹಾಲು, ಉಪ್ಪುನೀರು ಇವೂ ವಾಂತಿ ತರಿಸೋವೇ, ಅದಕ್ಕೇ ಏನೂ ಬೇಡ.

ಮಾಡಬೇಕಾದ್ದು ಇಷ್ಟು. ಬಾಯಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೈಮೇಲೆ ಚೆಲ್ಲಿದ್ರೆ ಬಟ್ಟೆ ಬಿಚ್ಚಿ ಸೋಪು ನೀರಲ್ಲಿ ತೊಳೀರಿ, ಕಣ್ಣಿಗೆ ಹೋಗಿದ್ರೆ ಕಾಲು ಗಂಟೆ ತಣ್ಣೀರು ಹರಿಸಿ. ತೂಕಡಿಸ್ತಿದ್ರೆ ಎಡಕ್ಕೋ ಬಲಕ್ಕೋ ಒಂದು ಮಗ್ಗುಲಿಗೆ ಮಲಗಿಸಿ ಎತ್ಕೊಳ್ಳಿ. ಬಾಟಲಿನ ಮರೀದೆ ಜೊತೆಗೆ ತಗೊಂಡು ಹೋಗಿ, ಲೇಬಲ್ ನೋಡಿದ್ರೆ ಡಾಕ್ಟರಿಗೆ ಅರ್ಧ ಕೆಲಸ ಮುಗೀತು, ಎಷ್ಟು ಇತ್ತು ಎಷ್ಟು ಉಳಿದಿದೆ ಅಂತಾನೂ ಗೊತ್ತಾಗುತ್ತೆ. ಮಗು ಚೆನ್ನಾಗಿದೆ, ಆಡ್ತಿದೆ ಅಂತ ಮನೆಯಲ್ಲೇ ನೋಡೋಣ ಅನ್ಕೋಬೇಡಿ. ನಿಮ್ಮ ಮಗಳ ವಿಷಯದಲ್ಲೇ ನೋಡಿ, ಅರ್ಧ ಗಂಟೆ ಏನೂ ಇರಲಿಲ್ಲ. ಸಾಮಾನ್ಯವಾಗಿ ಅಷ್ಟರೊಳಗೇ ಲಕ್ಷಣ ಕಾಣುತ್ತೆ, ಆದ್ರೆ ನಾಲ್ಕು ಗಂಟೆ ತಡವಾಗಿ ಬಂದಿರೋದೂ ಉಂಟು. ಕೆಮ್ಮು, ವಾಂತಿ, ಕುಡಿದವರ ಥರ ತೂರಾಡೋದು, ಮಾತು ತೊದಲೋದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗೋದು, ಆಮೇಲೆ ನಿದ್ದೆ, ಎಬ್ಬಿಸಿದ್ರೂ ಏಳದ ನಿದ್ದೆ. ಚಿಕ್ಕ ಮಕ್ಕಳಲ್ಲಿ 2-3 ಎಂಎಲ್ ಹೊಟ್ಟೆಗೆ ಹೋದ್ರೂ ಮಂಪರು ಬಂದಿದೆ, 5 ಎಂಎಲ್ ಅಂದ್ರೆ ಪ್ರಾಣಾಪಾಯ ಅಂತಲೇ ನಾವು ನೋಡ್ತೀವಿ. ಇದಕ್ಕೆ ಪ್ರತಿವಿಷ ಅಂತ ಒಂದು ಇಂಜೆಕ್ಷನ್ ಇಲ್ಲ, ಉಸಿರು ಕಾಯೋದು, ಫಿಟ್ಸ್ ಬಂದ್ರೆ ತಡೆಯೋದು, ಎಣ್ಣೆ ಮೈಯಿಂದ ಹೊರಗೆ ಹೋಗೋವರೆಗೂ ಪಕ್ಕದಲ್ಲಿ ನಿಲ್ಲೋದು, ಅಷ್ಟೇ ಚಿಕಿತ್ಸೆ. ಅದು ಆಸ್ಪತ್ರೆಯಲ್ಲೇ ಆಗ್ಬೇಕು.

ಬಾಟಲಿ ಅವಳ ಕೈಗೆ ಎಲ್ಲಿ ಸಿಕ್ತು ಅಂತ ನೀವು ಬರೆದಿಲ್ಲ. ಆಸ್ಟ್ರೇಲಿಯಾದಲ್ಲಿ ಇಂಥಾ ಮಕ್ಕಳ ತಂದೆತಾಯಿಗಳನ್ನ ಮಾತಾಡಿಸಿ 1997ರಲ್ಲಿ ಒಂದು ವರದಿ ಬಂದಿತ್ತು, ಬಹುಪಾಲು ಮಕ್ಕಳಿಗೆ ಎಣ್ಣೆ ಸಿಕ್ಕಿದ್ದು ಬೀರುವಿನಿಂದಲ್ಲ, ನೆಗಡಿ ಅಂತ ಅದೇ ಮಗುವಿಗೋಸ್ಕರ ನೆಲದ ಮೇಲೆ ಇಟ್ಟಿದ್ದ, ಹಬೆ ಬಿಡೋ ವೇಪರೈಸರ್‌ನಿಂದ. ಬಳಸ್ತಾ ಇರುವಾಗಲೇ ಕೈಗೆ ಸಿಗೋದು. ಹಾಗಾಗಿ ಹನಿ ಹಾಕಿದ ತಕ್ಷಣ ಮುಚ್ಚಳ ತಿರುಗಿಸಿ ಎತ್ತರದಲ್ಲಿ ಇಟ್ಟು ಆಮೇಲೆ ಬೇರೆ ಕೆಲಸ. ಕೆಮ್ಮಿನ ಸಿರಪ್ಪಿನ ಪಕ್ಕ ಅಂತೂ ಇಡಲೇಬೇಡಿ, ರಾತ್ರಿ ದೀಪ ಹಾಕದೆ ಸಿರಪ್ ಅಂದ್ಕೊಂಡು ಇದನ್ನೇ ಚಮಚಕ್ಕೆ ಬಗ್ಗಿಸಿದವರನ್ನ ನಾನು ನೋಡಿದ್ದೀನಿ.

ಪ್ರಶ್ನೆ: ಹಬೆ ತಗೊಳ್ಳುವಾಗ ಎಷ್ಟು ಹನಿ ಹಾಕ್ಬೇಕು? ಮೂಗು ನಿಜವಾಗ್ಲೂ ಬಿಡುತ್ತಾ ಅಥವಾ ನಮ್ಮ ಭ್ರಮೆನಾ?

ಉತ್ತರ: ಒಳ್ಳೆ ಪ್ರಶ್ನೆ, ನನಗೂ ಬಹಳ ದಿನ ಇದ್ದ ಅನುಮಾನ. 1983ರಲ್ಲಿ ಬ್ರಿಟನ್ನಿನ ಸಂಶೋಧಕರು ಇದನ್ನೇ ಅಳೆದು ನೋಡಿದ್ರು, ಕರ್ಪೂರ, ನೀಲಗಿರಿ, ಮೆಂಥಾಲ್ ಮೂರರ ಆವಿಯನ್ನೂ ಜನರಿಗೆ ಮೂಸೋಕೆ ಕೊಟ್ಟು, ಮೂಗಿನಲ್ಲಿ ಗಾಳಿ ಹೋಗೋಕೆ ಎಷ್ಟು ಅಡ್ಡಿ ಇದೆ ಅಂತ ಯಂತ್ರದಲ್ಲಿ ಅಳೆದ್ರು. ಅಡ್ಡಿ ಕಮ್ಮಿ ಆಗಿರಲೇ ಇಲ್ಲ. ಆದ್ರೆ ಹೆಚ್ಚಿನವರು "ಈಗ ಗಾಳಿ ಚೆನ್ನಾಗಿ ಆಡ್ತಿದೆ" ಅಂದ್ರು. ಮೂಗಿನ ಒಳಗೆ ತಂಪನ್ನ ಗುರುತಿಸೋ ನರಗಳಿವೆ, ಆ ಆವಿ ಅವನ್ನ ಮುಟ್ಟಿದಾಗ ಮಿದುಳಿಗೆ ತಣ್ಣನೆ ಗಾಳಿ ಬಂತು ಅಂತ ಸುದ್ದಿ ಹೋಗುತ್ತೆ. ಭ್ರಮೆ ಅಂತ ಅದನ್ನ ತಳ್ಳಿಹಾಕೋಕೆ ನನಗೆ ಇಷ್ಟ ಇಲ್ಲ, ಮೂಗು ಕಟ್ಟಿ ನಿದ್ದೆ ಬರದವರಿಗೆ ಆ ಸಮಾಧಾನವೂ ದೊಡ್ಡದೇ. ಆದ್ರೆ ಅದು ಸಮಾಧಾನ, ಕಾಯಿಲೆ ಕಮ್ಮಿ ಮಾಡೋ ಮದ್ದಲ್ಲ, ಇಷ್ಟು ಗೊತ್ತಿದ್ರೆ "ಇನ್ನೂ ಬಿಟ್ಟಿಲ್ಲ, ಇನ್ನೆರಡು ಹನಿ ಹಾಕು" ಅಂತ ಸುರಿಯೋದು ನಿಲ್ಲುತ್ತೆ.

ದೊಡ್ಡವರಿಗೆ ಎರಡು ಮೂರು ಹನಿ ಸಾಕು, ಐದು ನಿಮಿಷ, ಕಣ್ಣು ಮುಚ್ಚಿಕೊಂಡು. ಕುದೀತಿರೋ ನೀರಿಗೆ ಹಾಕಿ ತಕ್ಷಣ ಮುಖ ಕೊಡಬೇಡಿ, ಆವಿ ಒಂದೇ ಸಲ ಗುಪ್ಪಂತ ಏಳುತ್ತೆ, ಒಲೆ ಆರಿಸಿ ಪಾತ್ರೆ ಕೆಳಗಿಳಿಸಿ ಒಂದೆರಡು ನಿಮಿಷ ಬಿಡಿ. ಒಲೆ ಉರೀತಿರುವಾಗ ಪಕ್ಕದಲ್ಲಿ ನಿಂತು ಹನಿ ಹಾಕೋದಂತೂ ಬೇಡವೇ ಬೇಡ, ಈ ಎಣ್ಣೆ 50 ಡಿಗ್ರಿ ಆಸುಪಾಸಿನ ಬಿಸಿಗೇ ಬೆಂಕಿ ಹತ್ತೋಷ್ಟು ಆವಿ ಬಿಡುತ್ತೆ. ಆಸ್ತಮಾ ಇರೋರು ಇದನ್ನ ಬಿಡಿ, ಘಾಟಿಗೆ ಕೆಲವರಿಗೆ ದಮ್ಮು ಕೆರಳುತ್ತೆ.

ಮಕ್ಕಳಿಗೆ ಮಾತ್ರ ಪಾತ್ರೆ ಹಬೆ ಬೇಡ, ಎಣ್ಣೆ ಇರಲಿ ಇಲ್ಲದಿರಲಿ. ಎಣ್ಣೆಯ ವಿಷಕ್ಕಿಂತ ಮಡಿಲಿಗೆ ಬಿದ್ದ ಬಿಸಿನೀರಿಂದ ಸುಟ್ಟ ಮಕ್ಕಳನ್ನೇ ನಾವು ಹೆಚ್ಚು ನೋಡೋದು, ಹೊದಿಕೆ ಒಳಗೆ ಕೂತ ಮಗು ಸ್ವಲ್ಪ ಮಿಸುಕಿದ್ರೂ ಪಾತ್ರೆ ತೊಡೆ ಮೇಲೆ ಬೀಳುತ್ತೆ.

ಪ್ರಶ್ನೆ: ನನ್ನ ತಮ್ಮನಿಗೆ ಫಿಟ್ಸ್ ಇದೆ, ಮಾತ್ರೆ ತಪ್ಪಿಸಲ್ಲ, ಮೂರು ವರ್ಷದಿಂದ ಒಂದ್ಸಲಾನೂ ಬಂದಿರಲಿಲ್ಲ. ಹೋದ ವಾರ ನೆಗಡಿ ಅಂತ ದಿನಾ ಕರ್ಚೀಫಿಗೆ ನೀಲಗಿರಿ ಹಾಕ್ಕೊಂಡು ಮೂಸ್ತಿದ್ದ, ನಾಲ್ಕನೇ ದಿನ ಮತ್ತೆ ಬಂತು. ಎರಡಕ್ಕೂ ಸಂಬಂಧ ಇರಬಹುದಾ? ಕೇಳಿದ್ರೆ ಎಲ್ಲಾರೂ ನಗ್ತಾರೆ.

ಉತ್ತರ: ನಗೋರು ನಗಲಿ, ನೀವು ಸರಿಯಾದದ್ದನ್ನೇ ಗಮನಿಸಿದ್ದೀರಿ. ಸಂಬಂಧ ಇರಬಹುದು, ಚೆನ್ನಾಗೇ ಇರಬಹುದು. ದಕ್ಷಿಣ ಭಾರತದ ಕೆಲವು ಆಸ್ಪತ್ರೆಗಳ ನರರೋಗ ತಜ್ಞರು ಸೇರಿ ನಾಲ್ಕು ವರ್ಷ ಇದನ್ನೇ ಹಿಂಬಾಲಿಸಿ 2021ರಲ್ಲಿ ಪ್ರಕಟಿಸಿದ್ರು. ಫಿಟ್ಸ್ ಅಂತ ಬಂದ 350 ದೊಡ್ಡವರಲ್ಲಿ 55 ಜನರಿಗೆ ಅದಕ್ಕೆ ಮುಂಚೆ ನೀಲಗಿರಿ ಅಥವಾ ಕರ್ಪೂರ ಇರೋ ಎಣ್ಣೆ, ಬಾಮು ಇಂಥದ್ದರ ಸಂಪರ್ಕ ಇತ್ತು. ಆ 55ರಲ್ಲಿ 22 ಜನಕ್ಕೆ ಹಿಂದೆ ಫಿಟ್ಸೇ ಇರಲಿಲ್ಲ, ಉಳಿದ 33 ಜನ ನಿಮ್ಮ ತಮ್ಮನ ಥರ ಮೊದಲೇ ಇದ್ದವರು. ಕುಡಿದವರಲ್ಲ ಎಲ್ಲಾ, ಹಚ್ಕೊಂಡವರು, ಮೂಸಿದವರೂ ಇದ್ರು. ಸಿನಿಯೋಲ್, ಕರ್ಪೂರ ಎರಡಕ್ಕೂ ಮಿದುಳಿನ ನರಕೋಶಗಳನ್ನ ಕೆರಳಿಸೋ ಗುಣ ಇದೆ, ಮಾತ್ರೆ ಹಾಕಿ ಹತೋಟಿಯಲ್ಲಿಟ್ಟಿರೋ ಕಡೆ ಅದು ಒಂದು ಕಿಡಿ ಸಾಕು.

ಡಾಕ್ಟರ್ ಹತ್ರ ಹೋದಾಗ ನೀವೇ ಬಾಯಿಬಿಟ್ಟು ಹೇಳಿ, ಯಾಕಂದ್ರೆ "ಬೇರೆ ಏನಾದ್ರೂ ಔಷಧಿ ತಗೋತೀರಾ" ಅಂತ ಕೇಳಿದ್ರೆ ಯಾರೂ ನೀಲಗಿರಿ ಎಣ್ಣೆ ಅಂತ ಹೇಳಲ್ಲ, ಅದನ್ನ ಯಾರೂ ಔಷಧಿ ಅಂತ ಎಣಿಸಿರೋದೇ ಇಲ್ಲ. ಎಣ್ಣೆ ಜೊತೆಗೆ ನೋವಿನ ಸ್ಪ್ರೇ, ಬಾಮು, ಮೂಗಿಗೆ ಹಿಡಿಯೋ ಇನ್‌ಹೇಲರ್ ಕಡ್ಡಿ, ಟೂತ್‌ಪೇಸ್ಟು, ಎಲ್ಲದರ ಲೇಬಲ್ ನೋಡಿ ನೀಲಗಿರಿ, ಕರ್ಪೂರ ಇರೋದನ್ನ ಮನೆಯಿಂದಲೇ ತೆಗೆದುಬಿಡಿ, ನಿಮಗೆ ತಲೆನೋವು ಅಂತ ನೀವು ಹಚ್ಕೊಂಡು ಅವನ ಪಕ್ಕ ಮಲಗಿದ್ರೂ ಅವನು ಮೂಸ್ತಾನೆ. ಎಣ್ಣೆಯಿಂದಲೇ ಬಂದಿರಬೇಕು ಅಂತ ನೀವಾಗೇ ತೀರ್ಮಾನ ಮಾಡಿ ಮಾತ್ರೆ ಕಮ್ಮಿ ಮಾಡೋದು ಮಾತ್ರ ಬೇಡ.

ಪ್ರಶ್ನೆ: ಮಂಡಿ ನೋವಿಗೆ ನೀಲಗಿರಿ ಎಣ್ಣೆ ಹಚ್ಚಿ ಮೇಲೆ ಬಿಸಿನೀರಿನ ಚೀಲ ಇಟ್ಕೊಂಡೆ, ಚರ್ಮ ಕೆಂಪಾಗಿ ಬೊಬ್ಬೆ ಬಂತು. ಎಣ್ಣೆ ಕಲಬೆರಕೆನಾ?

ಉತ್ತರ: ಕಲಬೆರಕೆ ಅಲ್ಲಮ್ಮ, ಅಪ್ಪಟ ಆಗಿದ್ದಕ್ಕೇ ಸುಟ್ಟಿರೋದು. ಇದನ್ನ ಯಾವತ್ತೂ ಹಾಗೇ ಹಚ್ಚೋ ಹಾಗಿಲ್ಲ. 10 ಎಂಎಲ್ ಕೊಬ್ಬರಿ ಎಣ್ಣೆಗೋ ಎಳ್ಳೆಣ್ಣೆಗೋ ನಾಲ್ಕೇ ಹನಿ, ಅದು ಶೇಕಡಾ 2 ಆಗುತ್ತೆ, ಮೊದಲ ಸಲ ಮೊಳಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ, ಆಮೇಲೆ ಮಂಡಿಗೆ. ಹಚ್ಚಿದ ಮೇಲೆ ಬಿಸಿ ಕೊಡೋದಾಗ್ಲಿ, ಬಿಗಿಯಾಗಿ ಬಟ್ಟೆ ಸುತ್ತೋದಾಗ್ಲಿ ಬೇಡ, ಎರಡರಿಂದಲೂ ಎಣ್ಣೆ ಹೊರಗೆ ಆರೋ ಬದಲು ಚರ್ಮದೊಳಕ್ಕೆ ಇಳಿಯುತ್ತೆ.

ಎಷ್ಟು ಇಳಿಯಬಹುದು ಅಂತ ಕೇಳ್ತೀರಾ? 1998ರಲ್ಲಿ ಆಸ್ಟ್ರೇಲಿಯಾದಿಂದ ವರದಿಯಾದ ಒಂದು ಕೇಸಿದೆ, ಆರು ವರ್ಷದ ಹುಡುಗಿ, ಮೈಯೆಲ್ಲ ಪಿತ್ತದ ಗಂಧೆ ಥರ ಎದ್ದು ತುರಿಕೆ, ಮನೆಯವರು ನೀಲಗಿರಿ ಎಣ್ಣೆ ಹಾಕಿದ ಬಟ್ಟೆ ಸುತ್ತಿದ್ರು. ಒಂದು ತೊಟ್ಟೂ ಬಾಯಿಗೆ ಹೋಗಿರಲಿಲ್ಲ, ಆದ್ರೂ ಮಾತು ತೊದಲಿ, ನಡಿಗೆ ತೂರಾಡಿ, ಕೊನೆಗೆ ಪ್ರಜ್ಞೆನೇ ತಪ್ತು. ಬಟ್ಟೆ ಬಿಚ್ಚಿ ಎಣ್ಣೆ ತೆಗೆದ ಮೇಲೆ ಕೆಲವು ಗಂಟೆಯಲ್ಲಿ ಚೇತರಿಸ್ಕೊಂಡ್ಲು. ನಿಮ್ಮ ಬೊಬ್ಬೆ ಒಡೀಬೇಡಿ, ಸೋಪು ನೀರಲ್ಲಿ ಮೆಲ್ಲಗೆ ತೊಳೆದು ಒಣಗಿದ ಶುದ್ಧ ಬಟ್ಟೆ ಮುಚ್ಚಿ, ಡಾಕ್ಟರಿಗೆ ತೋರಿಸಿ, ಸಕ್ಕರೆ ಕಾಯಿಲೆ ಇದ್ರೆ ಇವತ್ತೇ.

ಪ್ರಶ್ನೆ: ಸೊಳ್ಳೆಗೆ ನಿಂಬೆ ವಾಸನೆಯ ನೀಲಗಿರಿ ಎಣ್ಣೆ ಒಳ್ಳೇದು ಅಂತಾರೆ, ಅದೂ ಇದೂ ಒಂದೇನಾ?

ಉತ್ತರ: ಅಲ್ಲ. ಔಷಧಿ ಎಣ್ಣೆ ಬರೋದು ಗ್ಲೋಬುಲಸ್ ಅನ್ನೋ ಜಾತಿ ಮತ್ತು ಸಿನಿಯೋಲ್ ಜಾಸ್ತಿ ಇರೋ ಅದರ ಬಳಗದಿಂದ. ನಿಂಬೆ ವಾಸನೆಯದ್ದು ಬೇರೆ ಮರ, ಅದರಲ್ಲಿ ಸಿಟ್ರೊನೆಲ್ಲಾಲ್ ಮುಖ್ಯ. ಸೊಳ್ಳೆ ಓಡಿಸೋಕೆ ಚೆನ್ನಾಗಿ ಕೆಲಸ ಮಾಡೋದು ಆ ಎಣ್ಣೆಯಿಂದ ಸಂಸ್ಕರಿಸಿ ತೆಗೆದ ಪಿಎಂಡಿ ಅನ್ನೋ ಅಂಶ, ಹಸಿ ಎಣ್ಣೆ ಅಷ್ಟು ಹೊತ್ತು ನಿಲ್ಲಲ್ಲ. ಪಿಎಂಡಿ ಇರೋದನ್ನೂ ಮೂರು ವರ್ಷದೊಳಗಿನ ಮಕ್ಕಳಿಗೆ ಹಚ್ಚೋದು ಬೇಡ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತೆ. ಚಿಕ್ಕ ಮಕ್ಕಳಿಗೆ ಸೊಳ್ಳೆ ಪರದೆಗಿಂತ ಒಳ್ಳೇದು ಇಲ್ಲ.

ಇನ್ನು ನೀಲಗಿರಿ ಬೆಟ್ಟದ ಗಿಡವೇ ಇದು ಅಂತ ಇಬ್ಬರು ಬರೆದಿದ್ದೀರಿ. ಮೂಲ ಆಸ್ಟ್ರೇಲಿಯಾ, ಅಲ್ಲಿನ ಮೂಲನಿವಾಸಿಗಳು ಎಲೆನ ಔಷಧಿಯಾಗಿ ಬಳಸ್ತಿದ್ರು, 1850ರ ದಶಕದಲ್ಲಿ ಜೋಸೆಫ್ ಬೊಸಿಸ್ಟೊ ಅನ್ನೋ ಔಷಧಿ ವ್ಯಾಪಾರಿ ಅಲ್ಲಿ ಎಣ್ಣೆ ಭಟ್ಟಿ ಇಳಿಸೋದನ್ನ ಉದ್ಯಮ ಮಾಡಿದ್ರು. 1840ರ ದಶಕದಲ್ಲಿ ಸೌದೆಗೆ ಅಂತ ಊಟಿ ಕಡೆ ತಂದು ನೆಟ್ಟದ್ದು, ಅಲ್ಲಿಂದಲೇ ನಮಗೆ ಆ ಹೆಸರು.

ಪ್ರಶ್ನೆ: ರಾತ್ರಿಯಿಡೀ ನೀಲಗಿರಿ ಎಣ್ಣೆ ವಾಸನೆ ಹರಡೋ ಡಿಫ್ಯೂಸರ್ ಹಾಕಿ ಮಲಗ್ತೀವಿ, ಬೆಕ್ಕು ಎರಡು ದಿನದಿಂದ ಜೊಲ್ಲು ಸುರಿಸ್ತಿದೆ, ಮಂಕಾಗಿದೆ.

ಉತ್ತರ: ಇವತ್ತೇ ನಿಲ್ಲಿಸಿ, ಕಿಟಕಿ ತೆಗೀರಿ, ಬೆಕ್ಕನ್ನ ಪಶುವೈದ್ಯರ ಹತ್ರ ಕರ್ಕೊಂಡು ಹೋಗಿ. ಇಂಥಾ ಎಣ್ಣೆಗಳನ್ನ ಒಡೆದು ಹೊರಗೆ ಹಾಕೋ ಶಕ್ತಿ ಬೆಕ್ಕಿನ ಲಿವರಿಗೆ ತುಂಬಾ ಕಮ್ಮಿ, ಅದೂ ಅಲ್ದೆ ರೋಮದ ಮೇಲೆ ಕೂತ ಎಣ್ಣೆನ ಅದು ನೆಕ್ಕಿ ನುಂಗುತ್ತೆ. ನಿಮಗೂ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಬೇಡ, ಮಲಗೋಕೆ ಮುಂಚೆ ಅರ್ಧ ಗಂಟೆ ಹಾಕಿ ಆರಿಸಿ.

ಪ್ರಶ್ನೆ: ಬೀರುವಿನಲ್ಲಿ ಆರು ವರ್ಷದ ಹಳೇ ಬಾಟಲಿ ಇದೆ, ಅರ್ಧ ಉಳಿದಿದೆ, ಬಣ್ಣ ಹಳದಿ ಆಗಿದೆ. ಬಳಸಬಹುದಾ?

ಉತ್ತರ: ಬೇಡ. ಗಾಳಿ ಬೆಳಕು ತಾಗಿ ತಾಗಿ ಎಣ್ಣೆ ಕೆಡುತ್ತೆ, ಕೆಟ್ಟ ಎಣ್ಣೆಗೆ ಚರ್ಮ ಬೇಗ ಕಜ್ಜಿ ಎದ್ದು ಅಲರ್ಜಿ ಆಗುತ್ತೆ, ಒಂದ್ಸಲ ಆ ಅಲರ್ಜಿ ಹಿಡೀತು ಅಂದ್ರೆ ಆಮೇಲೆ ಹೊಸ ಎಣ್ಣೆಗೂ ಬರುತ್ತೆ. ಸಿಂಕಿಗೆ ಸುರೀಬೇಡಿ, ಒಲೆಗೆ ಹಾಕ್ಬೇಡಿ. ಮುಚ್ಚಳ ಬಿಗಿ ಮಾಡಿ, ಪೇಪರಲ್ಲಿ ಸುತ್ತಿ, ಮೇಲೆ ವಿಷ ಅಂತ ದೊಡ್ಡದಾಗಿ ಬರೆದು ಅಪಾಯಕಾರಿ ಕಸದ ಜೊತೆ ಬೇರೆಯಾಗಿ ಕೊಡಿ. ಹೊಸದು ತಂದ್ರೆ ಕಪ್ಪು ಗಾಜಿನ ಚಿಕ್ಕ ಬಾಟಲಿದೇ ತನ್ನಿ, ಒತ್ತಿ ತಿರುಗಿಸೋ ಮುಚ್ಚಳ ಇರಲಿ, ತೆರೆದ ತಾರೀಖನ್ನ ಲೇಬಲ್ ಮೇಲೆ ಪೆನ್ನಲ್ಲಿ ಬರೆದಿಡಿ, ಮತ್ತೆ ಹಳೇ ಬಾಟಲಿ ಚೆನ್ನಾಗಿದೆ ಅಂತ ತೊಳೆದು ಅದಕ್ಕೆ ಬೇರೆ ಯಾವ ಎಣ್ಣೆಯನ್ನೂ ತುಂಬಿಡಬೇಡಿ.